ಗೋಡೆಯ ಒಳಗಿನ ಜಾಗ

ಬ್ಯಾಡಗಿ
೨೦ ಜುಲೈ ೧೯೮೮, ಬುಧವಾರ

ತಮ್ಮ ಸತ್ಯಮಿತ್ರನಿಗೆ, ಅಕ್ಕ ಮಾರ್ಥಾಳ ಆಶೀರ್ವಾದ.

ಹೋದ ಆದಿತ್ಯವಾರ, ಜುಲೈ ಹದಿನೇಳರಂದು, ರಾಣೆಬೆನ್ನೂರಿನ ನಮ್ಮ ದೇವಾಲಯದಲ್ಲಿ, ಬೆಳಗಿನ ಆರಾಧನೆಯ ನಡುವೆ, ಇನ್ನೂ ಉಸಿರಾಡುತ್ತಿರುವ ಒಂದು ಕೂಸಿಗೆ ಹೂಳುವ ಜಾಗ ಕೊಡುವುದಿಲ್ಲ ಎಂದು ಸಾರಲಾಯಿತು. ಆ ಕೂಸು ನನ್ನ ಮೊಮ್ಮಗಳು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕ್ಷೇಮಸಮಾಚಾರದಿಂದ ಶುರು ಮಾಡಿದರೆ ಇಲ್ಲಿಯತನಕ ಬರುವುದೇ ಇಲ್ಲ.

ಅವತ್ತೇ ಬರೆಯಬೇಕಿತ್ತು. ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೂಸಿನ ಹತ್ತಿರದಿಂದ ಏಳಲು ಧೈರ್ಯವಾಗುವುದಿಲ್ಲ. ಒಲೆಯ ಮುಂದೆ ಕುಳಿತರೂ ಕಿವಿ ಒಳಮನೆಯಲ್ಲೇ ಇರುತ್ತದೆ. ಉಸಿರು ಒಂದು ಸಲ ಬಂದು, ಇನ್ನೊಂದು ಬರುವ ಮೊದಲು ಸ್ವಲ್ಪ ನಿಲ್ಲುತ್ತದೆ. ಆ ನಿಲ್ಲುವಿಕೆಯಲ್ಲಿ ನಾನು ಮುದುಕಿಯಾಗುತ್ತಿದ್ದೇನೆ. ಅರಳೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ಹಚ್ಚುತ್ತೇವೆ. ಹಾವೇರಿಯ ಡಾಕ್ಟರು ನೋಡಿ, ಮನೆಯಲ್ಲೇ ಬೆಚ್ಚಗಿಡಿ, ಹೊರಗೆ ಎಲ್ಲಿಯೂ ಒಯ್ಯಬೇಡಿ ಅಂದಿದ್ದಾರೆ. ಅದಕ್ಕಿಂತ ಹೆಚ್ಚಿನದನ್ನು ಹೇಳಲಿಲ್ಲ. ಎದುರು ಮನೆಯ ಗದಿಗೆವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ, ಚೀಲಗಳನ್ನೆಲ್ಲ ತನ್ನ ತಂಗಿಯ ಮನೆಗೆ ಹೊರಿಸಿದ್ದಾಳೆ. "ಘಾಟು ಬಡದ್ರ ಕೂಸು ತಡಕೊಳ್ಳಾಂಗಿಲ್ರಿ ಅಕ್ಕೋರ," ಅಂದಳು. ಯಾರೂ ಆಕೆಗೆ ಹೇಳಿರಲಿಲ್ಲ.

ನಿನ್ನ ಕಿವಿಗೆ ಬಿದ್ದದ್ದು ಹೇಗಿತ್ತೋ ಗೊತ್ತಿಲ್ಲ. ಆದದ್ದು ಹೀಗೆ.

ಮಗಳು ಪ್ರೇಮವ್ವನಿಗೆ ದಿನ ತುಂಬುವ ಬಹಳ ಮೊದಲೇ, ಒಂದು ಮಧ್ಯಾಹ್ನ, ನೋವು ಬಂತು. ಅಳಿಯ ಅಂಜಿನಪ್ಪ ಹಾವೇರಿಯಲ್ಲಿ ಕೆಲಸದ ಮೇಲಿದ್ದ. ನಾನು ಗಾಡಿ ಹುಡುಕಲು ಸ್ಟೇಶನ್ ರಸ್ತೆಗೆ ಓಡಿದೆ. ಮನೆಯಲ್ಲಿ ಉಳಿದವರು ನರ್ಸಬಾಯಿ ಮತ್ತು ಪಕ್ಕದ ಮನೆಯ ಹುಸೇನಬಿ. ಹುಸೇನಬಿಯದೂ ತೊಟ್ಟು ಬಿಡಿಸುವ ಕೆಲಸವೇ. ಕೂಗು ಕೇಳಿ ಎದ್ದು ಬಂದವಳು ಕೈಯ ಖಾರ ಹೋಗಲೆಂದು ಎಣ್ಣೆ, ಹಿಟ್ಟು ಹಚ್ಚಿ ತಿಕ್ಕಿ ತಿಕ್ಕಿ ತೊಳೆದುಕೊಂಡಳಂತೆ.

ಕೂಸು ಹುಟ್ಟಿತು, ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಪ್ರೇಮವ್ವನಿಗೆ ರಕ್ತ ಹೋಗುವುದು ನಿಲ್ಲುತ್ತಿರಲಿಲ್ಲ. ನರ್ಸಬಾಯಿ ಕೂಸನ್ನು ಹುಸೇನಬಿಯ ಕೈಗೆ ಕೊಟ್ಟು, "ಬೆನ್ನು ತಿಕ್ಕು, ಬಿಡಬ್ಯಾಡ," ಎಂದು ತಾಯಿಯ ಕಡೆ ತಿರುಗಿದರು. ಆಗ ಪ್ರೇಮವ್ವ ಮಲಗಿದಲ್ಲಿಂದಲೇ ಅಂದಳಂತೆ:

"ಹುಸೇನಬಿ, ನೀರು ಹಾಕು."

"ಏನ್ ನೀರವ್ವ? ಕುಡಿಯಾಕೇನು?"

"ಕೂಸಿನ ತಲಿಮ್ಯಾಲ. ನಾ ಅಂದಂಗ ಅನಕೋಂತ ಹಾಕು. ಲಗೂ."

"ಅಯ್ಯ ನನ್ನವ್ವ, ನಾ ಹಾಕಿದ್ರ ಆಕ್ಕೈತೇನು? ನಿಮ್ಮ ಪಾದ್ರಿನ ಕರಸಲೇನು?"

"ಪಾದ್ರಿ ಬರೂತನ ಇದು ಇರಾಂಗಿಲ್ಲ. ನಿನ್ನ ಕಾಲಿಗೆ ಬೀಳ್ತೇನಿ, ಹಾಕು."

ಹುಸೇನಬಿ ತಂಬಿಗೆ ಎತ್ತಿದಳು. ಪ್ರೇಮವ್ವ ಒಂದೊಂದೇ ಮಾತು ಹೇಳಿದಳು, ಈಕೆ ಒಂದೊಂದೇ ತಿರುಗಿ ಅಂದಳು: ಜೀವಲತಾ ಎಂಬ ಹೆಸರು, ತಂದೆಯ ಹೆಸರಿನಲ್ಲಿ, ಮಗನ ಹೆಸರಿನಲ್ಲಿ, ಪವಿತ್ರಾತ್ಮನ ಹೆಸರಿನಲ್ಲಿ. ಪ್ರತಿ ಹೆಸರಿಗೂ ಅಂಗೈಯಿಂದ ಒಂದಿಷ್ಟು ನೀರು. ಕೊನೆಯ ನೀರಿಗೆ ಕೂಸು ಸೀನಿತು, ಆಮೇಲೆ ಅತ್ತಿತು. ನಾನು ಜೀಪು ತಂದು ಒಳಗೆ ಬಂದಾಗ ಹುಸೇನಬಿ ನಗುತ್ತ ಅಳುತ್ತ ಇದ್ದಳು. "ಎಷ್ಟ್ ತೊಳಕೊಂಡ್ರೂ ಕೈಯಾಗ ಖಾರ ಉಳದಿತ್ರಿ ಅಕ್ಕೋರ, ಅದಕ್ಕ ಸೀನ್ತು ನಿಮ್ಮ ಮಮ್ಮಗಳು!"

ಆ ನಗು ಈಗ ಆಕೆಯ ಮುಖದಲ್ಲಿಲ್ಲ. ದಿನಾ ಬಂದು ಹೊಸ್ತಿಲಲ್ಲಿ ಕೂತು, "ಮಾತು ಬರೋಬರಿ ಅಂದೆನಿಲ್ರಿ? ನನ್ನಿಂದ ಕೂಸಿಗೆ ಏನೂ ಕೇಡಾಗಾಂಗಿಲ್ಲಲ್ರಿ?" ಎಂದು ಕೇಳುತ್ತಾಳೆ. ಗಂಡ ಅಲ್ಲಾಬಕ್ಷ ಒಳ್ಳೆಯವನು, "ಸಾಯೋ ಕೂಸಿಗೆ ನೀರು ಹಾಕಿದ್ರ ಯಾವ ದೇವ್ರು ಸಿಟ್ಟಾಗ್ತಾನ, ಸುಮ್ನಿರು," ಅಂದನಂತೆ. ಆದರೆ ಆಕೆಯ ನಾದಿನಿ, "ನೀ ಯಾವಾಗ ಪಾದ್ರಿ ಆದಿ?" ಎಂದು ಓಣಿ ತುಂಬ ಚೇಷ್ಟೆ ಮಾಡಿಕೊಂಡು ತಿರುಗುತ್ತಾಳೆ. ಹುಸೇನಬಿಗೆ ಎರಡೂ ಕಡೆಯ ಹೆದರಿಕೆ.

ಹಾವೇರಿಯ ದವಾಖಾನೆಯಲ್ಲಿ ಕ್ಯಾಥೋಲಿಕ್ ಸಿಸ್ಟರ್ ಒಬ್ಬರಿಗೆ ಇದನ್ನೆಲ್ಲ ಹೇಳಿದೆ; ನಮ್ಮ ದೀಕ್ಷಾಸ್ನಾನಕ್ಕೆ ಅವರು ಜ್ಞಾನಸ್ನಾನ ಅನ್ನುತ್ತಾರೆ. "ಜೀವ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ನಮ್ಮವರೇ ಆಗಬೇಕೆಂದಿಲ್ಲ. ಧರ್ಮಸಭೆ ಮಾಡುವುದನ್ನೇ ತಾನೂ ಮಾಡುತ್ತೇನೆ ಎಂಬ ಮನಸ್ಸು, ನೀರು, ಆ ಮೂರು ಹೆಸರು ಇದ್ದರೆ ಸಾಕು. ಆದದ್ದು ಆಯಿತು. ಎರಡನೇ ಸಲ ಕೊಡುವಂತಿಲ್ಲ," ಅಂದರು. ಅಂಜಿನಪ್ಪನನ್ನು ಕೇಳಿದರೆ ಬೇರೆಯೇ ಮಾತು. ಅವನು ಹಾವೇರಿಯ ಪ್ರಾರ್ಥನಾ ಮಂದಿರ ಸೇರಿ, ಗುತ್ತಲದ ಆಚೆ ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ಮಾಡಿಸಿಕೊಂಡವನೆಂದು ನಿನಗೆ ಗೊತ್ತು. "ಕೂಸಿಗೆ ಏನು ತಿಳೀತೈತ್ರಿ ಅತ್ತಿ? ದೊಡ್ಡಾಕಿ ಆಗಿ, ತಾನ ನಂಬಿ, ತಾನ ನೀರಿಗಿಳೀಬೇಕು. ನನ್ನ ಮುಳುಗಿಸಿದಾಗ ದಂಡಿಮ್ಯಾಲಿನ ಚಪ್ಪಲಿ ಹರಕೊಂಡು ಹೋದ್ವು, ಗುತ್ತಲತನಕ ಬರಿಗಾಲಿಲೆ ನಡದೆ. ಅವತ್ತಿನಷ್ಟು ಹಗುರ ನಾ ಎಂದೂ ಆಗಿಲ್ಲ. ಇಕಿ ಈಗ ಹೋದ್ರೂ ದೇವ್ರ ಕಡೇನ ಹೋಗ್ತಾಳ, ನೀರು ಬ್ಯಾಡ," ಅನ್ನುತ್ತಾನೆ. ಅಂದವನೇ ಕೂಸಿನ ಹೊದಿಕೆ ಸರಿಮಾಡಲು ಏಳುತ್ತಾನೆ. ಅವನ ಮಂದಿರದವರಿಗೆ ಸ್ವಂತ ಸಮಾಧಿ ಭೂಮಿ ಇಲ್ಲ. ಸಿಸ್ಟರ್ ತಮ್ಮ ಕಡೆ ಕೇಳಿ ನೋಡುತ್ತೇನೆ ಅಂದರು. ಆದರೆ ನಮ್ಮ ಅಪ್ಪ ಅವ್ವ, ಪ್ರೇಮವ್ವನ ತಂದೆ, ಎಲ್ಲರೂ ರಾಣೆಬೆನ್ನೂರಿನ ನಮ್ಮ ಸಮಾಧಿ ಭೂಮಿಯ ಗೋಡೆಯ ಒಳಗೇ ಇದ್ದಾರೆ.

ನಾನು ಆದಿತ್ಯವಾರ ಪ್ಯಾಸೆಂಜರ್ ಗಾಡಿಗೆ ಬಂದದ್ದು ಜಗಳಕ್ಕಲ್ಲ. ಕೂಸಿಗಾಗಿ ಪ್ರಾರ್ಥನೆ ಮಾಡಿಸಲು. ನಮ್ಮ ಪಾದ್ರಿ ಅಯ್ಯನವರು ಪ್ರಾರ್ಥನೆಗೆ ಕೂಸಿನ ಹೆಸರು ಕೇಳಿದರು, ಆ ಹೆಸರಿಟ್ಟು ಸ್ನಾನ ಕೊಟ್ಟವರಾರೆಂದೂ ಕೇಳಿದರು; ಇದ್ದದ್ದನ್ನು ಹೇಳಿದೆ. ಅವರಂದದ್ದನ್ನು ಅವರ ಮಾತಿನಲ್ಲೇ ಬರೆದಿಡುತ್ತೇನೆ, ನಾಳೆ ಯಾರೂ ಹಾಗಂದಿರಲಿಲ್ಲ ಅನ್ನಬಾರದು: "ಅನ್ಯಮತದ ಹೆಂಗಸಿನ ಕೈಯಿಂದ ಬಿದ್ದ ನೀರು ಬರೀ ನೀರು. ತಾಯಿ ಇಲ್ಲಿಗೆ ಬಂದು, ಆದದ್ದು ದೀಕ್ಷಾಸ್ನಾನವಲ್ಲ, ತಪ್ಪಾಯಿತು ಎಂದು ಸಭೆಯ ಮುಂದೆ ಒಪ್ಪಿಕೊಳ್ಳಲಿ, ಆಮೇಲೆ ನಾನು ಕೊಡುತ್ತೇನೆ. ಅಲ್ಲಿಯವರೆಗೆ ಆ ಕೂಸು ನಮ್ಮ ಸಭೆಯದಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ನಮ್ಮ ಗೋಡೆಯ ಒಳಗೆ ಜಾಗ ಕೇಳಬೇಡಿ."

ಹೊರಗೆ ಒಯ್ಯಬಾರದ ಕೂಸು, ಹಾಸಿಗೆಯಿಂದ ಏಳಲಾಗದ ಬಾಣಂತಿ. ಇಬ್ಬರೂ ಅಲ್ಲಿಗೆ ಬರಬೇಕು, ಅಲ್ಲಿಯವರೆಗೆ ಕೂಸು ಕಾಯಬೇಕು!

ಸತ್ಯ, ನಾನು ಸಭೆಯ ಚರಿತ್ರೆ ಓದಿದವಳು. ಈ ಜಗಳ ಹೊಸದಲ್ಲ. ಮೂರನೇ ಶತಮಾನದಲ್ಲೇ, ಸಭೆಯ ಹೊರಗಿನವರು ಕೊಟ್ಟ ಸ್ನಾನ ನಡೆಯುತ್ತದೆಯೋ ಇಲ್ಲವೋ ಎಂದು ಆಫ್ರಿಕಾದವರೂ ರೋಮಿನವರೂ ಕಾದಾಡಿದರು. ಒಬ್ಬರು ಮತ್ತೆ ಕೊಡಬೇಕೆಂದರು, ಇನ್ನೊಬ್ಬರು ಒಮ್ಮೆ ಆದದ್ದು ಆಯಿತೆಂದರು. ಚಿಮುಕಿಸಬೇಕೋ, ಸುರಿಯಬೇಕೋ, ಮುಳುಗಿಸಬೇಕೋ, ಕೂಸಿಗೋ ದೊಡ್ಡವರಿಗೋ ಎಂದು ಜನ ಊರು ಬಿಟ್ಟಿದ್ದಾರೆ, ಜೀವವನ್ನೂ ಬಿಟ್ಟಿದ್ದಾರೆ. ಅಯ್ಯನವರಿಗೆ ಅವರದೇ ಅಭಿಪ್ರಾಯ ಇರಲಿ, ನಾನು ವಾದ ಮಾಡುತ್ತೇನೆ. ಆದರೆ ತೊಟ್ಟಿಲಲ್ಲಿರುವ ಕೂಸಿನ ಹೆಣದ ಬಗ್ಗೆ ತೀರ್ಪು ಕೊಡಲು ಅವರಿಗೆ ಯಾರು ಹೇಳಿದರು? ನೋಡು, ಹೆಣ ಎಂಬ ಆ ಮಾತನ್ನು ನನ್ನ ಕೈಯಿಂದಲೂ ಬರೆಯಿಸಿದರು.

ನಿನಗಾಗ ನಾಲ್ಕು ವರ್ಷ, ನಿನಗೆ ನೆನಪಿರಲಿಕ್ಕಿಲ್ಲ. ನನಗೆ ಹತ್ತು. ನಿನ್ನ ಬೆನ್ನಿಗೆ ಹುಟ್ಟಿದ ತಮ್ಮ ಬೆಳಗ್ಗೆ ಹುಟ್ಟಿ ಸಂಜೆಯೊಳಗೆ ಹೋದ. ಸ್ನಾನ ಆಗಿಲ್ಲವೆಂದು ಅವನನ್ನು ಗೋಡೆಯ ಹೊರಗೆ, ಜಾಲಿಗಿಡದ ಬುಡಕ್ಕೆ ಇಟ್ಟರು. ಹೆಸರಿಲ್ಲ, ಕಲ್ಲಿಲ್ಲ. ಪುನರುತ್ಥಾನದ ಹಬ್ಬದ ಬೆಳಗಿಗೆ ಎಲ್ಲರೂ ಹೂ ತೆಗೆದುಕೊಂಡು ಒಳಗೆ ಹೋದರೆ ಅವ್ವ ಗೋಡೆ ಸುತ್ತಿ ಹಿಂದಕ್ಕೆ ಹೋಗಿ ಒಬ್ಬಳೇ ಕೂಡುತ್ತಿದ್ದಳು. ಒಳಗೆ ಹಾಡುವುದು ಆಕೆಗೆ ಕೇಳುತ್ತಿತ್ತು, ಹೊರಗಿನಿಂದಲೇ ದನಿಗೂಡಿಸುತ್ತಿದ್ದಳು. ಮುಂದೆ ಪ್ರೇಮವ್ವ ಸಣ್ಣವಳಿದ್ದಾಗ ಅಜ್ಜಿಯ ಸೆರಗು ಹಿಡಿದು ಜೊತೆಗೆ ಹೋಗಿ ಕೂಡುತ್ತಿದ್ದಳು. ರಸ್ತೆ ಅಗಲ ಮಾಡಿದ ವರ್ಷ ಆ ಜಾಲಿಗಿಡ ಹೋಯಿತು. ಈಗ ಅಲ್ಲಿ ಲಾರಿಗಳು ನಿಲ್ಲುತ್ತವೆ.

ಆ ಮಧ್ಯಾಹ್ನ ಪ್ರೇಮವ್ವ ತನ್ನ ರಕ್ತ ಹೋಗುತ್ತಿದ್ದರೂ ನೀರು ಕೇಳಿದ್ದು ಯಾಕೆಂದು ಇದಕ್ಕಿಂತ ಬಿಡಿಸಿ ಹೇಳಬೇಕೇ?

ಅಯ್ಯನವರ ಮಾತನ್ನು ನಾನು ಆಕೆಯಿಂದ ಮುಚ್ಚಿಟ್ಟಿದ್ದೆ. ಸೋಮವಾರ ರಾಣೆಬೆನ್ನೂರಿನಿಂದ ನೋಡಲು ಬಂದವರು ಕನಿಕರದಿಂದಲೇ ಹೇಳಿಬಿಟ್ಟರು. ಅಂದಿನಿಂದ ಕೂಸನ್ನು ಎದೆಯಿಂದ ಇಳಿಸುವುದಿಲ್ಲ. "ಅವ್ವಾ, ಇಕಿನ್ನ ಹೊರಗಿಡ್ತಾರೇನು?" ಅನ್ನುತ್ತಾಳೆ. ತಪ್ಪಾಯಿತೆಂದು ಒಪ್ಪಿಕೊಳ್ಳೋಣವೇ ಎಂದು ನಾನೇ ಒಮ್ಮೆ ಕೇಳಿದೆ, ಹೆದರಿಕೆಯಿಂದ ಕೇಳಿದೆ. "ಅಷ್ಟರಾಗ ಏನಾರ ಆದ್ರ? ಆದದ್ದೂ ಸುಳ್ಳು ಅಂದಂಗಾತು, ಹೊಸಾದೂ ಸಿಗಲಿಲ್ಲ ಅಂದಂಗಾತು. ನನ್ನ ಕೂಸು ನಡುವ ಉಳೀತೈತಿ," ಅಂದಳು.

ಸೋಮವಾರ ಬಂದವರ ಕೈಯಲ್ಲೇ ಅಯ್ಯನವರಿಗೂ ಎರಡು ಸಾಲು ಬರೆದು ಕಳಿಸಿದ್ದೆ. ತಮ್ಮ ಮನೆಗೆ ಬನ್ನಿ, ಸಮಾಧಾನವಾಗಿ ಮಾತಾಡೋಣ ಎಂದು ಹೇಳಿ ಕಳಿಸಿದ್ದಾರೆ. ಎಲ್ಲರೆದುರು ಅಂದದ್ದಕ್ಕೆ ಮನೆಯೊಳಗಿನ ಸಮಾಧಾನ ನನಗೆ ಬೇಡ.

ನಿನ್ನ ಹೆಂಡತಿಗೆ, ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮೊಣಕಾಲು ನೋವು ಹೇಗಿದೆ? ತಂಪಿನಲ್ಲಿ ಅಡ್ಡಾಡಬೇಡ. ಕರ್ತನು ನಿನ್ನ ಮನೆಯನ್ನು ಕಾಯಲಿ.

ನಿನ್ನ ಅಕ್ಕ,
ಮಾರ್ಥಾ

ತಾ.ಕ.: ಸೋಮವಾರ ಸುದ್ದಿ ತಿಳಿದಾಗ ಪ್ರೇಮವ್ವ ಅಯ್ಯನವರನ್ನು ಬೈಯಲಿಲ್ಲ. "ಮಾವ ಎಲ್ಲಿ ಕುಂತಿದ್ದ?" ಎಂದು ಕೇಳಿದಳು.

ನೀನು ಹಿರಿಯರ ಬೆಂಚಿನ ಮೇಲೆ, ಅಯ್ಯನವರ ಎದುರಿಗೇ ಕುಳಿತಿದ್ದೆ. ಅವರ ಮಾತು ಮುಗಿದಾಗ ನಾನು ನಿನ್ನ ಬೆನ್ನನ್ನೇ ನೋಡುತ್ತ ನಿಂತೆ. ನೀನು ಮುಂದಿನ ಗೀತೆಯ ಪುಟ ತೆಗೆದೆ. ನಾನು ಹೊರಗೆ ಬರುವಾಗ ನೀನು ಹಾಡುತ್ತಿದ್ದೆ.

ಆಕೆಗೆ ನಾನು, ಮಾವ ಅವತ್ತು ಹುಬ್ಬಳ್ಳಿಗೆ ಹೋಗಿದ್ದ, ದೇವಾಲಯದಲ್ಲಿ ಇರಲಿಲ್ಲ ಅಂದೆ. "ಅದಕ್ಕ ಮತ್ತ," ಅಂದಳು. "ಮಾವ ಇದ್ದಿದ್ರ ಅವರಿಗೆ ಹಂಗ ಅನ್ನಾಕ ಬಿಡ್ತಿರಲಿಲ್ಲ." ಆ ಸುಳ್ಳನ್ನು ತಲೆದಿಂಬು ಮಾಡಿಕೊಂಡು ಸ್ವಲ್ಪ ಹೊತ್ತು ನಿದ್ದೆ ಮಾಡಿದಳು.

ಬರುವ ಆದಿತ್ಯವಾರ ಇಪ್ಪತ್ನಾಲ್ಕನೇ ತಾರೀಖು. ಪ್ಯಾಸೆಂಜರ್ ಗಾಡಿಗೆ ನಾನು ಬರುತ್ತೇನೆ, ಕಡೆಯ ಸಾಲಿನಲ್ಲಿ ನಿಂತಿರುತ್ತೇನೆ. ಆರಾಧನೆ ಮುಗಿಯುವ ಮೊದಲು ನೀನು ಆ ಬೆಂಚಿನಿಂದ ಎದ್ದು, ಸಭೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳು: ಜೀವಲತಾ ನಮ್ಮ ಕೂಸು ಹೌದೋ, ಅಲ್ಲವೋ?