ಮುರಿಯದೆ ಬಿಟ್ಟ ಪ್ಲಾಸ್ಟಿಕ್ ಚೂರು

ಬಲ್ಗೇರಿಯಾ
೧೭ ನವೆಂಬರ್ ೧೯೮೫

ಪ್ರೀತಿಯ ನಜ್ಮಿಯೆ ಅಕ್ಕನಿಗೆ ನಿನ್ನ ತಮ್ಮನ ಸಲಾಮುಗಳು.

ಅಮ್ಮ ತೀರಿಹೋಗಿ ಎರಡು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ ಎಂದು ಟರ್ಕಿಯ ಬುರ್ಸಾದಲ್ಲಿ ಕೂತು ಬೈದುಕೊಂಡಿರುತ್ತೀಯ. ಬೈ ಅಕ್ಕ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಅಂಚೆಗೆ ಹಾಕಲು ಧೈರ್ಯವಿರಲಿಲ್ಲ; ಇಲ್ಲಿ ಕಾಗದವನ್ನು ನಿನಗಿಂತ ಮೊದಲು ಬೇರೆಯವರು ಓದುತ್ತಾರೆ. ಇದನ್ನು ತರುವವನು ನಿಮ್ಮ ಕಡೆಯ ಲಾರಿ ಡ್ರೈವರು. ಕ್ಯಾಬಿನ್ನಿನ ಟೇಪು ಗೊರಗೊರ ಅನ್ನುತ್ತದೆ ಎಂದು ನನ್ನ ರಿಪೇರಿ ಅಂಗಡಿಗೆ ಬಂದಿದ್ದ. ಟೇಪನ್ನು ಓದುವ ಹೆಡ್ ಒರೆಸಿಕೊಟ್ಟು, ಕೂಲಿಯ ಬದಲು ಇದೊಂದನ್ನು ಮುಟ್ಟಿಸಪ್ಪ ಎಂದೆ.

ನನ್ನ ಹೆಂಡತಿ ಗುಲ್ತೆನ್, ಮಕ್ಕಳು ಚೆನ್ನಾಗಿದ್ದಾರೆ. ಚೆನ್ನಾಗಿದ್ದಾರೆ ಅಂದರೆ ಉಸಿರಾಡುತ್ತಿದ್ದಾರೆ. ಜನವರಿಯಲ್ಲಿ ನಮ್ಮೆಲ್ಲರ ಹೆಸರು ಕಿತ್ತುಕೊಂಡು ಬಲ್ಗೇರಿಯನ್ ಹೆಸರಿನ ಗುರುತುಚೀಟಿ ಕೊಟ್ಟರಲ್ಲ, ಅಂದಿನಿಂದ ಬೀದಿಯಲ್ಲಿ ನಮ್ಮ ಮನೆಮಾತಾದ ಟರ್ಕಿಶ್ ಆಡಿದರೆ ದಂಡ. ಗುಲ್ತೆನ್ ಸಂತೆಯಲ್ಲಿ ಮೂಗಿಯ ಹಾಗೆ ಬೆರಳು ತೋರಿಸಿ ಮೆಣಸಿನಕಾಯಿ ಕೊಳ್ಳುತ್ತಾಳೆ. ಮದುವೆಯಲ್ಲಿ ನಮ್ಮ ಹಾಡಿನ ಕ್ಯಾಸೆಟ್ ಹಾಕಿದ್ದಕ್ಕೆ ಪಕ್ಕದ ಮನೆಯ ಹೈರಿಯನ್ನು ಕರೆದೊಯ್ದವರು ಇನ್ನೂ ಬಿಟ್ಟಿಲ್ಲ. ಚೀಟಿಯ ಪ್ರಕಾರ ನಾನು ರುಮೆನ್. ಅಮ್ಮ ಮಾತ್ರ ಸಾಯುವವರೆಗೂ ಒಪ್ಪಲಿಲ್ಲ. "ಒಂಬತ್ತು ತಿಂಗ್ಳು ಹೊತ್ತವಳು ನಾನು, ಹೆಸರಿಡೋಕೆ ಇವರ್ಯಾರೋ?" ಎಂದು ಒಲೆಯ ಮುಂದೆ ಗೊಣಗುತ್ತಿದ್ದಳು. ಅವಳ ಗೋರಿಯ ಕಲ್ಲಿನ ಮೇಲೂ ಹೊಸ ಹೆಸರನ್ನೇ ಕೆತ್ತಿಸಬೇಕಾಯಿತು.

ಆಗಸ್ಟಿನಲ್ಲಿ ಅಮ್ಮ ನಿನಗೆಂದೇ ಒಂದು ಕ್ಯಾಸೆಟ್ಟಿಗೆ ಮಾತಾಡಿದ್ದಳು. ಪರದೆ ಎಳೆದುಕೊಂಡು, ಮನೆಮಾತಿನಲ್ಲಿ, ಇಪ್ಪತ್ತು ನಿಮಿಷ. ಬೇಕಾದ ಕ್ಯಾಸೆಟ್ಟಿನ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ, ಆಮೇಲೆ ರೆಕಾರ್ಡ್ ಗುಂಡಿ ಒತ್ತಿದರೂ ಇಳಿಯುವುದಿಲ್ಲ, ಮಾತು ಅಳಿಸಿಹೋಗುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳುವವನು ನಾನು. ಅಮ್ಮನದನ್ನೂ ಮುರಿಯಹೋದೆ. ಕೈ ಹಿಡಿದುಕೊಂಡಳು. "ಬೇಡ ಕಣೋ, ಇನ್ನೊಂದಿಷ್ಟು ಉಳಿದಿದೆ. ಮುಂದಿನ ವಾರ ಹೇಳ್ತೀನಿ." ಮುಂದಿನ ವಾರ ಅವಳು ಹಾಸಿಗೆಯಿಂದ ಏಳಲಿಲ್ಲ.

ನಿನಗೊಂದು ಪ್ರತಿ ಕಳಿಸಿ ಇನ್ನೊಂದನ್ನು ಇಲ್ಲಿ ಬಚ್ಚಿಡಬೇಕೆಂದಿದ್ದೆ. ಅದಕ್ಕೆ ಎರಡು ಕ್ಯಾಸೆಟ್ ಹಿಡಿಯುವ ಡೆಕ್ಕು ಬೇಕು, ನನ್ನದು ಒಂಟಿ. ಅಷ್ಟರಲ್ಲಿ ಪೊಲೀಸ್ ಸಾರ್ಜೆಂಟ್ ಸ್ತಾನೆವ್ ತನ್ನ ಜೋಡಿ ಡೆಕ್ಕನ್ನು ರಿಪೇರಿಗೆ ತಂದ. ಒಳಗೆಲ್ಲ ಅಂಟಂಟು, ರಬ್ಬರ್ ಗಾಲಿ ಟೇಪನ್ನು ನುಂಗಿತ್ತು. ಏನು ಹಾಕಿ ಒರೆಸಿದಿರಿ ಎಂದು ಕೇಳಿದರೆ, ಚಳಿಗೆ ಜೇನು ಬೆರೆಸಿ ಕಾಯಿಸಿಟ್ಟ ಪ್ಲಮ್ ಸಾರಾಯಿಯಂತೆ! "ನಮ್ಮಪ್ಪ ನಾಯಿ ಕಚ್ಚಿದ್ರೂ ಇದನ್ನೇ ಸುರೀತಿದ್ದ, ಹಾಳು ಡಬ್ಬಕ್ಕೆ ಸಾಲ್ದಾ?" ಎಂದ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಎರಡು ದಿನ ಜೇನು ಕಿತ್ತೆ. ಶುಕ್ರವಾರ ಬರುತ್ತೇನೆ ಎಂದಿದ್ದ.

ಮಂಗಳವಾರ ಬೆಳಿಗ್ಗೆ ಅಮ್ಮನ ಕ್ಯಾಸೆಟ್ಟನ್ನು ಅದರಲ್ಲಿಟ್ಟೆ. ಪ್ರತಿ ಮಾಡುವ ಮೊದಲು ಒಮ್ಮೆ ಕೇಳೋಣವೆಂದು ದನಿ ತಗ್ಗಿಸಿ ಹಾಕಿದೆ. ನಾಲ್ಕು ನಿಮಿಷವಾಗಿರಬೇಕು, ಬಾಗಿಲ ಗಂಟೆ ಅಲ್ಲಾಡಿತು. ಟೇಪು ನಿಲ್ಲಿಸಿ ತಲೆ ಎತ್ತಿದರೆ ಸ್ತಾನೆವ್!

"ಏನಯ್ಯಾ, ಹುಷಾರಾಯ್ತಾ ನನ್ನ ಡಬ್ಬ? ಒಳಗೆ ಕ್ಯಾಸೆಟ್ ಇದೆಯಲ್ಲ, ಹಾಡ್ಸು ನೋಡೋಣ."

ತೆಗೆದರೆ ಯಾರದು ಎನ್ನುತ್ತಾನೆ. ಹಾಕಿದರೆ ಅಮ್ಮ ಮಾತಾಡುತ್ತಾಳೆ. ಅವನ ದಪ್ಪ ಬೆರಳು ಆಗಲೇ ಗುಂಡಿಯ ಮೇಲಿತ್ತು. "ತಡೀರಿ ಕಾಮ್ರೇಡ್" ಎಂದು ಅವನ ಕೈ ಸರಿಸಿ, ಪ್ಲೇ ಜೊತೆಗೆ ರೆಕಾರ್ಡ್ ಗುಂಡಿಯನ್ನೂ ಒತ್ತಿಬಿಟ್ಟೆ. ಚೂರು ಮುರಿದಿದ್ದರೆ ಅದು ಇಳಿಯುತ್ತಲೇ ಇರಲಿಲ್ಲ. ಇಳಿಯಿತು. ಕೆಂಪು ದೀಪ ಹತ್ತಿ, ಗಾಲಿ ತಿರುಗಿತು; ಅಮ್ಮನ ದನಿ ಹೊರಬರುವ ಬದಲು ಅಳಿಯತೊಡಗಿತು.

"ಶಬ್ದಾನೇ ಇಲ್ವಲ್ಲೋ?"

"ಒರೆಸಿದ ಮೇಲೆ ಸ್ವಲ್ಪ ಹೊತ್ತು ಹೀಗೇ ಓಡಿಸ್ಬೇಕು ಕಾಮ್ರೇಡ್. ಹೆಡ್ ಪಳಗ್ಬೇಕು."

"ಎಷ್ಟೊತ್ತು?"

"ಹದಿನೈದು ನಿಮಿಷ."

ಐದು ಅನ್ನಬಾರದಿತ್ತೇ ಅಕ್ಕ? ಬಾಯಿಗೆ ಏನು ಬಡಿದಿತ್ತೋ! ಸ್ತಾನೆವ್ ಸ್ಟೂಲ್ ಎಳೆದುಕೊಂಡು, ಕಾಫಿ ಮಾಡು ಎಂದ. ಮಾಡಿಕೊಟ್ಟೆ. ಆ ಕ್ಯಾಸೆಟ್ಟು ನನಗೆ ಬಾಯಿಪಾಠ. ಈಗ ನಿನ್ನ ಮದುವೆಯ ದಿನ ಹಿಟ್ಟಿನ ಮೂಟೆ ಒಡೆದದ್ದು ಹೋಯಿತು, ಈಗ ವಾಲ್ನಟ್ ಮಿಠಾಯಿ ಮಾಡುವ ಬಗೆ, ಈಗ ನಿನ್ನ ಮಗಳಿಗೆ ಹಾಡಿದ ಜೋಗುಳ ಎಂದು ಗಾಲಿಯನ್ನೇ ನೋಡುತ್ತ ನಿಂತಿದ್ದೆ. ಅವನು ಸಿಗರೇಟು ಹಚ್ಚಿದ. ಹದಿನೈದು ನಿಮಿಷವಾದ ಮೇಲೆ ನಿಲ್ಲಿಸಿ ಅವನದೇ ಕ್ಯಾಸೆಟ್ ಹಾಕಿ ತೋರಿಸಿದೆ. "ಕೈಯಲ್ಲಿ ಗುಣ ಇದೆ ಕಣೋ ನಿಂಗೆ!" ಎಂದು ಬೆನ್ನು ತಟ್ಟಿ ಹೊರಟ.

ಅವನು ಹೋದ ಮೇಲೂ ಹೆದರಿಕೆ ಹೋಗಿಲ್ಲ. ಬೀದಿಯಲ್ಲಿ ಕಾರು ನಿಂತರೆ ದೀಪ ಆರಿಸುತ್ತೇನೆ. ಮಗ ನಿದ್ದೆಯಲ್ಲಿ ಮನೆಮಾತಿನಲ್ಲಿ ಕನವರಿಸಿದರೆ ಓಡಿಹೋಗಿ ಕಿಟಕಿ ಮುಚ್ಚುತ್ತೇನೆ.

ಕ್ಯಾಸೆಟ್ಟನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಮೊದಲ ನಾಲ್ಕು ನಿಮಿಷ ಅಮ್ಮ ಇದ್ದಾಳೆ, ಕೊನೆಯ ಒಂದು ನಿಮಿಷ ನಿನ್ನನ್ನು ಹರಸುತ್ತಾಳೆ. ನಡುವೆ ಬರೀ ಮೌನ. ಕೇಳುವ ಮೊದಲು ಹೆಡ್ಡನ್ನೂ ರಬ್ಬರ್ ಗಾಲಿಯನ್ನೂ ಸ್ಪಿರಿಟ್ಟಿನಲ್ಲಿ ಒರೆಸಿಸು, ಸ್ಪೀಕರಿನ ಮೇಲೆ ಇಡಬೇಡ, ಅದರ ಅಯಸ್ಕಾಂತಕ್ಕೆ ಮಾತು ಅಳಿಯುತ್ತದೆ. ಹಿಂಬದಿಯ ಚೂರನ್ನು ಈಗ ಮುರಿದಿದ್ದೇನೆ.

ಭಾವನಿಗೆ ಸಲಾಮು, ನಿನ್ನ ಮಗಳಿಗೆ ಮುತ್ತು. ದೇವರು ನಿಮ್ಮನ್ನು ನಿಮ್ಮ ನಿಮ್ಮ ಹೆಸರಿನಲ್ಲೇ ನೂರು ಕಾಲ ಇಟ್ಟಿರಲಿ.

ಇಂತಿ,
ನಿನ್ನ ತಮ್ಮ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಮೌನ ಅಂದದ್ದು ಸುಳ್ಳು. ಆ ಡೆಕ್ಕಿನ ಮುಂದೆಯೇ ಸಣ್ಣ ಮೈಕಿದೆ. ರೆಕಾರ್ಡ್ ಒತ್ತಿದರೆ ಕೋಣೆಯ ಮಾತನ್ನೆಲ್ಲ ಹಿಡಿಯುತ್ತದೆ. ಹನ್ನೆರಡು ವರ್ಷ ಇದೇ ಕಸುಬು ಮಾಡಿದವನಿಗೆ ಭಯದಲ್ಲಿ ಅದು ನೆನಪಾಗಲಿಲ್ಲ. ನಾಲ್ಕನೇ ನಿಮಿಷಕ್ಕೆ ನಿಲ್ಲಿಸಿಬಿಡು ಎಂದರೆ ನೀನು ನಿಲ್ಲಿಸುವವಳಲ್ಲ, ಅದಕ್ಕೇ ಹೇಳಿಬಿಡುತ್ತೇನೆ. ಅಲ್ಲಿ ಅಮ್ಮ ಕೇಳುತ್ತಾಳೆ, "ರುಫಾತ್, ತಿರುಗ್ತಿದೆಯೇನೋ ಅದು? ರುಫಾತ್?" ಟಕ್ ಎನ್ನುತ್ತದೆ. ಹೆಡ್ಡಿನ ಮಾತು ಮುಗಿದ ಮೇಲೆ ಸ್ತಾನೆವ್ ಕಾಫಿ ಹೀರುತ್ತ ಕೇಳುತ್ತಾನೆ, "ಮನೇಲಿ ಈಗ್ಲೂ ಹಳೇ ಹೆಸರಲ್ಲೇ ಕರೀತಾರೇನೋ ನಿನ್ನ?" ಅದಕ್ಕೆ ನನ್ನ ದನಿ, ಅವರ ಭಾಷೆಯಲ್ಲಿ, ನಗುನಗುತ್ತ: "ಹಳೇ ಹೆಸರು ಯಾವುದು ಕಾಮ್ರೇಡ್? ಹುಟ್ಟಿದಾಗಿಂದ ನಾನು ರುಮೆನ್ನೇ. ಅಮ್ಮ ಇಟ್ಟ ಹೆಸರು."