ಎರಡು ನಕ್ಷತ್ರಗಳ ತೂಕ

ಜನವರಿ 6, ಸೋಮವಾರ. ಮಧ್ಯಾಹ್ನ 2.30

ನಾನು ಸೀತಾಲಕ್ಷ್ಮಿ. ಎಪ್ಪತ್ನಾಲ್ಕು ವರ್ಷ. ಎಸ್ಸೆಸ್ಸೆಲ್ಸಿ, ಫಸ್ಟ್ ಕ್ಲಾಸ್. ಜಯನಗರ ಏಳನೇ ಬ್ಲಾಕಿನ ಈ ಮನೆಯ ಯಜಮಾನಿ. ಬಡಾವಣೆಯ ಮಹಿಳಾ ಸಮಾಜಕ್ಕೆ ಇಪ್ಪತ್ತೆಂಟು ವರ್ಷದಿಂದ ಅಧ್ಯಕ್ಷೆ. ಪ್ರತಿ ವರ್ಷ ಹೊಸ ಡೈರಿಯಲ್ಲಿ ಮೊದಲು ಇದನ್ನೇ ಬರೆಯುತ್ತೇನೆ. ಯಾರೂ ಓದುವುದಿಲ್ಲ. ಆದರೂ ಬರೆದಿರಬೇಕು.

ಊಟ ಆಯಿತು. ಹಂಸಾ ಒಲೆ ಕಟ್ಟೆ ಒರೆಸುತ್ತಿದ್ದಾಳೆ. ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮೈದುನ ಹೋಗಿ ಮೂವತ್ತೊಂಬತ್ತು ವರ್ಷ. ಡಿಸೆಂಬರಿನಲ್ಲಿ ಒಂದು ಮಾತು ಕೇಳಿದಳು. ಅವಳ ಹಳೆಯ ವಿದ್ಯಾರ್ಥಿನಿ ಭಾಗ್ಯಜ್ಯೋತಿ ಹೊಸಕೆರೆಹಳ್ಳಿಯಲ್ಲಿ ಟ್ಯೂಷನ್ ನಡೆಸುತ್ತಾಳಂತೆ. ಗಣಿತ ಹೇಳಿಕೊಡಲು ಕರೆದಿದ್ದಾಳೆ, ಮಹಡಿಯ ಮೇಲೆ ಕೋಣೆಯೂ ಇದೆ, ಅಲ್ಲೇ ಇರಬಹುದು. ಹೋಗಲಾ ಎಂದು ಕೇಳಿದಳು. ಸಂಕ್ರಾಂತಿ ಕಳೆಯಲಿ ಎಂದೆ. ಅರವತ್ತೆಂಟನೇ ವಯಸ್ಸಿನಲ್ಲಿ ಇದೇನು ಹುಚ್ಚು.

ಜನವರಿ 9, ಗುರುವಾರ

ಮೊಮ್ಮಗಳು ಮೈತ್ರೇಯಿಗೆ ಎಂಎಸ್ಸಿ ಪ್ರಾಜೆಕ್ಟ್. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳ ಗಾತ್ರ, ತೂಕ, ಬಿಸಿ ಅಂದಾಜು ಮಾಡುವುದು. ಫೆಬ್ರವರಿ 8ಕ್ಕೆ ಕಾಲೇಜಿನಲ್ಲಿ ಜನರ ಮುಂದೆ ಕನ್ನಡದಲ್ಲಿ ಹೇಳಬೇಕು. ಅವಳ ಕನ್ನಡ ನಾನು ತಿದ್ದುತ್ತಿದ್ದೇನೆ.

ದೂರದರ್ಶಕದಲ್ಲಿ ನೋಡಿದರೂ ಒಂದೇ ಚುಕ್ಕಿಯಂತೆ. ಒಂದು ಇನ್ನೊಂದನ್ನು ಮರೆಮಾಡಿದಾಗ ಬೆಳಕು ಕುಗ್ಗುತ್ತದೆ. ಆ ಕುಗ್ಗುವುದರಿಂದಲೇ ಇಬ್ಬರಿದ್ದಾರೆ ಎಂದು ತಿಳಿಯುವುದು. ಗ್ರಾಫ್ ತೋರಿಸಿದಳು. ಬಟ್ಟೆ ಒಣಹಾಕುವ ತಂತಿ ಎರಡು ಕಡೆ ಜಗ್ಗಿದ ಹಾಗೆ. ಒಂದು ಕಡೆ ಆಳ, ಒಂದು ಕಡೆ ಸ್ವಲ್ಪ. ಎಷ್ಟು ಜಗ್ಗಿದೆ ಎಂಬುದರಿಂದ ಬಿಸಿ, ಎಷ್ಟು ಹೊತ್ತು ಎಂಬುದರಿಂದ ಗಾತ್ರ. ತೂಕಕ್ಕೆ ಬೇರೆ ಉಪಾಯ — ಹಗುರವಾದದ್ದು ಹೆಚ್ಚು ಓಡಾಡುತ್ತದೆ, ಭಾರದ್ದು ಇದ್ದಲ್ಲೇ ಸ್ವಲ್ಪ ಅಲುಗುತ್ತದೆ.

ಅದು ಹಿಡಿಸಿತು. ಎ, ಬಿ ಅಂದರೆ ಯಾರಿಗೆ ಅರ್ಥವಾಗುತ್ತದೆ? ಬೆಳಗುವ ಭಾರದವಳು ಹಿರಿಯಳು, ಮಂಕಾದವಳು ಕಿರಿಯಳು — ಹಾಗೆ ಬರೆ ಎಂದೆ. ಮೈತ್ರೇಯಿ ಪೆನ್ನಿನ ತುದಿ ಕಚ್ಚಿದಳು. ಬರೆದಳು.

ಜನವರಿ 17, ಶುಕ್ರವಾರ. ಮಧ್ಯಾಹ್ನ 3

ಸಂಕ್ರಾಂತಿ ಕಳೆಯಿತು. ಹಂಸಾ ಮತ್ತೆ ಕೇಳಲಿಲ್ಲ. ನಾನೂ ಎತ್ತಲಿಲ್ಲ.

ಫ್ಯಾನಿನ ಕೆಳಗೆ ಜೊಂಪು ಹತ್ತಿತ್ತು. ಇಬ್ಬರು ಹೆಂಗಸರು ಪ್ರದಕ್ಷಿಣೆ ಹಾಕುತ್ತಿದ್ದರು. ನಡುವೆ ದೇವರಿಲ್ಲ, ಮರವಿಲ್ಲ, ಬರೀ ಬಯಲು. ಒಬ್ಬಳ ಸೆರಗು ಉದ್ದಕ್ಕೆ ಬಿಚ್ಚಿಕೊಂಡು, ಹೊಗೆಯ ಹಾಗೆ ತೇಲಿ, ಇನ್ನೊಬ್ಬಳ ಮೈಗೆ ಸುತ್ತಿಕೊಳ್ಳುತ್ತಿತ್ತು. ಮುಖ ಕಾಣಲಿಲ್ಲ. ಎದ್ದಾಗ ಕಾಫಿ ಪಕ್ಕದಲ್ಲಿತ್ತು. ಆರಿರಲಿಲ್ಲ.

ಫೆಬ್ರವರಿ 2, ಭಾನುವಾರ. ಸಂಜೆ 5

ಹಾಲಿನಲ್ಲಿ ಮೈತ್ರೇಯಿಯ ಅಭ್ಯಾಸ. ಚೆನ್ನಾಗಿಯೇ ಶುರು ಮಾಡಿದಳು. ಎರಡೂವರೆ ದಿನಕ್ಕೊಂದು ಸುತ್ತು. ಹಿರಿಯಳ ತೂಕ ಎರಡು ಮುಕ್ಕಾಲು ಸೂರ್ಯ, ಕಿರಿಯಳದು ಮುಕ್ಕಾಲು. ಅಲ್ಲಿಗೆ ನಿಂತಳು. ಮುಂದೆ ಹೇಳು ಎಂದೆ. ಹಾಳೆ ಮಡಚಿದಳು. ಗದರಿದೆ.

"ಅಜ್ಜಿ, ನೀವಿಟ್ಟ ಹೆಸರಿಟ್ಕೊಂಡು ಇಲ್ಲಿಂದ ಮುಂದೆ ಹೋಗಕ್ಕಾಗಲ್ಲ. ಮೊದಲು ದೊಡ್ಡದಾಗಿದ್ದಿದ್ದು ಮಂಕಾಗಿರೋದೇ."

ಮೂರು ವಾರದಿಂದ ಗೊತ್ತಿತ್ತಂತೆ. ನನಗೆ ಹೇಳಲು ಹೆದರಿಕೆ. ಎರಡೂ ಒಟ್ಟಿಗೇ ಹುಟ್ಟಿದವು. ದೊಡ್ಡದು ಬೇಗ ಉರಿದು, ಬೇಗ ಉಬ್ಬಿತು. ಹತ್ತಿರದಲ್ಲೇ ಇನ್ನೊಂದು ಇತ್ತಲ್ಲ — ಉಬ್ಬಿದ್ದೆಲ್ಲ ಅದರ ಕಡೆ ಸುರಿಯಿತು. ಅದನ್ನು ಪಡೆದದ್ದು ಈಗ ಬೆಳಗುತ್ತಿದೆ.

ಎಷ್ಟಿತ್ತು ಮೊದಲು ಎಂದು ಕೇಳಿದೆ. ಉತ್ತರ ಮೈತ್ರೇಯಿಯಿಂದ ಬರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಹಂಸಾ ಅವರೆಕಾಳು ಬಿಡಿಸುತ್ತಾ ಕೂತಿದ್ದಳು.

"ಅರ್ಧಕ್ಕಿಂತ ಜಾಸ್ತಿ ಇದ್ದಿರಲೇಬೇಕು ಅಕ್ಕ. ಎರಡೂ ಸೇರಿ ಮೂರೂವರೆ. ಅಂದ್ರೆ ಒಂದು ಮುಕ್ಕಾಲಿನ ಮೇಲೆ."

"ಯಾವಾಗ ಲೆಕ್ಕ ಹಾಕ್ದೆ ನೀನು?"

"ಈಗಲೇ. ಬರೀ ಕೂಡೋದು, ಭಾಗಿಸೋದು ತಾನೆ."

ತಲೆ ಎತ್ತದೆ ಹೇಳಿದಳು. ಮೈತ್ರೇಯಿ ನಕ್ಕು, ಚಿಕ್ಕಜ್ಜಿ ನಮ್ಮ ಗೈಡಿಗಿಂತ ಫಾಸ್ಟ್ ಎಂದಳು. ನಾನು ನಗಲಿಲ್ಲ.

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ

ನಿದ್ದೆ ಬರುತ್ತಿಲ್ಲ. ಬರೆದು ಮುಗಿಸುತ್ತೇನೆ.

ಹಂಸಾ ಬಿಎಸ್ಸಿ. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಅಷ್ಟು ಓದಿದ ಹೆಂಗಸು ಅವಳೊಬ್ಬಳೇ. ಶ್ರೀನಗರದ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು. ಎಂಬತ್ತೊಂಬತ್ತರಲ್ಲಿ ನನ್ನ ಬೆನ್ನಿಗೆ ಆಪರೇಷನ್ ಆಯಿತು. ಎಂಟು ತಿಂಗಳು ಹಾಸಿಗೆ. ನನ್ನ ಕಿರಿಯ ಮಗ ಸುಶ್ರುತನಿಗೆ ಆಗ ಆರು ವರ್ಷ. ಅವಳು ಕೆಲಸ ಬಿಟ್ಟಳು. ನಾನು ಎದ್ದು ಓಡಾಡಿದ ಮೇಲೆ ಮತ್ತೆ ಸೇರಬಹುದಿತ್ತು. ಹೆಡ್‌ಮಿಸ್ಟ್ರೆಸ್ ಮನೆಗೇ ಬಂದು ಕೇಳಿದರು. ಬಾಗಿಲಲ್ಲಿ ನಿಂತು, "ಅವಳು ಬರಲ್ಲ" ಎಂದು ಹೇಳಿ ಕಳಿಸಿದ್ದು ನಾನು. ಹಂಸಾ ಹಿತ್ತಲಲ್ಲಿದ್ದಳು. ಅವರು ಬಂದದ್ದೇ ಅವಳಿಗೆ ತಿಳಿಸಲಿಲ್ಲ.

ಸಮಾಜದಲ್ಲಿ ನಾನು ಓದುವ ವಾರ್ಷಿಕ ಭಾಷಣಗಳನ್ನು ಬರೆಯುವವಳೂ ಅವಳೇ. ಇಪ್ಪತ್ತೆಂಟು.

ಮೈತ್ರೇಯಿಯನ್ನು ಕೇಳಿದೆ, ಸುರಿದದ್ದು ಹಿಂದಕ್ಕೆ ಹೋಗುವುದುಂಟೋ ಎಂದು. ಉಂಟಂತೆ. ಬೆಳಗುವುದಕ್ಕೂ ವಯಸ್ಸಾಗಿ ಅದೂ ಉಬ್ಬಿದಾಗ, ಸ್ವಲ್ಪ ಹಿಂದಕ್ಕೆ ಸುರಿಯಬಹುದು. ಕೋಟ್ಯಂತರ ವರ್ಷ ಬೇಕು ಎಂದಳು. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಸದ್ದಿಲ್ಲದ ಕತ್ತಲೆ, ಕೆಂಪು ನೀರಿನಂಥ ಬೆಳಕು ಮೆಲ್ಲಗೆ ಹರಿಯುವುದು...

ಫೆಬ್ರವರಿ 8, ಶನಿವಾರ

ಮೈತ್ರೇಯಿ ಚೆನ್ನಾಗಿ ಹೇಳಿದಳು. ಹೆಸರು ತೆಗೆಸಿದ್ದೆ. "ಬೆಳಗುವುದು, ಮಂಕಾದದ್ದು" — ಅಷ್ಟೇ.

ವಾಪಸ್ ಬರುವಾಗ ಆಟೋದಲ್ಲಿ ಹಂಸಾಳಿಗೆ ಹೆಡ್‌ಮಿಸ್ಟ್ರೆಸ್ ಬಂದಿದ್ದ ವಿಷಯ ಹೇಳಿದೆ. ಸೌತ್ ಎಂಡ್ ಸರ್ಕಲ್ ಸಿಗ್ನಲ್ಲಿನಲ್ಲಿ.

"ಗೊತ್ತಿತ್ತು ಅಕ್ಕ. ಅವರೇ ಆಮೇಲೆ ಹೇಳಿದ್ರು."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀವೇ ಹೇಳ್ತೀರೇನೋ ಅಂತ."

ಫೆಬ್ರವರಿ 16, ಭಾನುವಾರ. ಮಧ್ಯಾಹ್ನ 3.15

ಹೋದ ಸೋಮವಾರವೇ ಭಾಗ್ಯಜ್ಯೋತಿಗೆ ನಾನೇ ಫೋನ್ ಮಾಡಿದ್ದೆ. ಹಂಸಾಳನ್ನು ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಹಬ್ಬದ ಹೆಸರು ಹೇಳುತ್ತಿದ್ದಳು, ಈ ಸಲ ಅವಳೇ.

ಬೆಳಿಗ್ಗೆ ಟೆಂಪೋ ಬಂತು. ಮಂಚ, ಬೀರು, ಎರಡು ಪೆಟ್ಟಿಗೆ ಪುಸ್ತಕ. ಹೊಸಿಲಲ್ಲಿ ನಿಂತು ನನ್ನ ಬೆನ್ನುನೋವಿನ ಎಣ್ಣೆ ಎಲ್ಲಿದೆ, ಮಾತ್ರೆ ಯಾವುದು ಎಂದು ಶುರು ಮಾಡಿದಳು. ನನಗೂ ಓದಲು ಬರುತ್ತದೆ, ಹೊರಡು ಎಂದೆ. ಕಾಲಿಗೆ ಬೀಳಲು ಬಗ್ಗಿದಳು. ತೋಳು ಹಿಡಿದು ನಿಲ್ಲಿಸಿದೆ. ಎಷ್ಟು ಹಗುರ ಅವಳು. ಇಷ್ಟು ವರ್ಷದಲ್ಲಿ ನಾನಾಗಿ ಮುಟ್ಟಿ ನೋಡಿರಲಿಲ್ಲ.

ಮೂರಕ್ಕೆ ಮೊದಲ ಪಾಠ. ಹತ್ತನೇ ತರಗತಿಯ ಹನ್ನೊಂದು ಹುಡುಗಿಯರಂತೆ. ಇಷ್ಟು ಹೊತ್ತಿಗೆ ಬೋರ್ಡಿನ ಮೇಲೆ ಏನೋ ಬರೆದು, ಅವರ ಕಡೆ ತಿರುಗಿರುತ್ತಾಳೆ.