ತಗ್ಗಿಗೆ ಬಿದ್ದ ಮಣ್ಣು

ಮನೆಯಿಂದ,
ಜೂನ್ ಹನ್ನೊಂದು, ಗುರುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಇಡೀ ದಿನ ಆ ಮಣ್ಣು ಅಗೆಯುವ ಯಂತ್ರದ ಸೀಟಿನಲ್ಲಿ ಕುಲುಕುತ್ತ ಕೂತರೆ ಸೊಂಟ ನೆಟ್ಟಗಿರುವುದಾದರೂ ಹೇಗೆ? ನಾನು ಹೊಲಿದುಕೊಟ್ಟ ದಿಂಬನ್ನು ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದೀರಿ ತಾನೆ? ಜೊತೆಯವರು ನಗುತ್ತಾರೆಂದು ಶೆಡ್ಡಿನ ಮೂಲೆಗೆ ಎಸೆದಿದ್ದರೆ ನನಗೆ ಗೊತ್ತಾಗದೆ ಇರುವುದಿಲ್ಲ. ಇಲ್ಲಿ ಅತ್ತೆ ಆರೋಗ್ಯವಾಗಿದ್ದಾರೆ. ಕಿವಿ ಮಾತ್ರ ಅವರಿಗೆ ಬೇಕಾದದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಪುಟ್ಟಿಯ ಮುಂದಿನ ಹಲ್ಲು ಬಿದ್ದು, ಅಪ್ಪ ಬರುವವರೆಗೂ ನಗುವುದೇ ಇಲ್ಲ ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಓಡಾಡುತ್ತಿದ್ದಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಕಡೆ ಯಂತ್ರದ ಸದ್ದು, ನನ್ನ ಕಡೆ ಮಗ್ಗುಲಲ್ಲೇ ಅತ್ತೆ. ಬರೆದರೇ ವಾಸಿ ಅನ್ನಿಸಿತು.

ನಮ್ಮ ಮನೆಸಾಲಿನ ಹಿಂದಿನ ತಗ್ಗಿನಲ್ಲಿ ಮನೆಗಳು ಬರುತ್ತವಂತೆ ಎಂದು ನೀವು ಹೋಗುವ ಮೊದಲೇ ಮಾತಿತ್ತಲ್ಲ, ಗಾಳಿಸುದ್ದಿ ಎಂದು ಬಿಟ್ಟುಬಿಟ್ಟಿದ್ದೆವು. ಈಗ ಅಲ್ಲಿ ದೊಡ್ಡ ಬೋರ್ಡು ನಿಂತಿದೆ. ಅದರ ಮೇಲಿರುವುದು ನಿಮ್ಮ ಕಂಪನಿಯ ಹೆಸರೇ. ಚಿತ್ರದಲ್ಲಿ ಬಿಳಿ ಮನೆಗಳು, ಅಗಲ ರಸ್ತೆ, ಹುಲ್ಲಿನ ಮೇಲೆ ಚೆಂಡಾಡುವ ಮಕ್ಕಳು. ನಮ್ಮ ಸಾಲು ಮಾತ್ರ ಅದರಲ್ಲಿ ಇಲ್ಲವೇ ಇಲ್ಲ; ನಾವಿರುವ ಜಾಗದಲ್ಲಿ ಮರಗಳನ್ನು ಬರೆದಿದ್ದಾರೆ. ಅನುಮತಿ ಇನ್ನೂ ಸಿಕ್ಕಿಲ್ಲವಂತೆ. ಆದರೂ ಮಣ್ಣಿನ ಟಿಪ್ಪರ್‌ಗಳು ಬಂದು ತಗ್ಗಿಗೆ ಸುರಿದು ಹೋಗತೊಡಗಿದ್ದವು.

ಕಳೆದ ವಾರ ಒಂದು ಬೆಳಿಗ್ಗೆ ಶಾಲಾ ವ್ಯಾನಿನಲ್ಲಿ ಮಕ್ಕಳನ್ನು ತುಂಬಿಕೊಂಡು ಹೊರಟಿದ್ದೆ. ನಮ್ಮ ರಸ್ತೆ ನಿಮಗೆ ಗೊತ್ತೇ ಇದೆ, ಎದುರಿಗೆ ಸೈಕಲ್ ಬಂದರೂ ಒಬ್ಬರು ಪಕ್ಕಕ್ಕೆ ಸರಿಯಬೇಕು. ಮೋರಿಯ ತಿರುವಿನಲ್ಲಿ ಮಣ್ಣು ಹೇರಿದ ಟಿಪ್ಪರ್ ಎದುರಾಯಿತು. ಹಾರ್ನ್ ಇಲ್ಲ, ಏನಿಲ್ಲ. ಎಡಕ್ಕೆ ಎಳೆದೆ. ಮುಂದಿನ ಚಕ್ರ ಮೋರಿಯ ಅಂಚಿನಿಂದ ಜಾರಿ ಗಾಳಿಯಲ್ಲಿ ನಿಂತಿತು. ಮಕ್ಕಳು ಒಬ್ಬರೂ ಕೂಗಲಿಲ್ಲ, ಅದೇ ನನ್ನ ಎದೆ ನಡುಗಿಸಿದ್ದು. ಎಲ್ಲರೂ ಬ್ಯಾಗು ಅಪ್ಪಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದಿನ ಬಾಗಿಲಿನಿಂದ ಒಬ್ಬೊಬ್ಬರನ್ನಾಗಿ ಇಳಿಸಿದೆ. ಪುಟ್ಟಿಯನ್ನು ಕೊನೆಗೆ ಇಳಿಸಿದೆ. ಅವಳನ್ನೇ ಮೊದಲು ಇಳಿಸಿ ಉಳಿದ ತಾಯಂದಿರ ಮುಖ ಹೇಗೆ ನೋಡಲಿ ಹೇಳಿ? ಅವಳ ಸರದಿ ಬರುವಷ್ಟರಲ್ಲಿ ನನ್ನ ಜೀವ ಹೋಗಿ ಬಂದಿತ್ತು. ಟಿಪ್ಪರಿನವನು ಇಳಿದು ಓಡಿಬಂದ. "ಮಳೆ ಹಿಡಿಯೋದ್ರೊಳಗೆ ತುಂಬಿಸಿ ಅಂದಿದಾರೆ ಅಕ್ಕ, ನಾನೇನ್ ಮಾಡ್ಲಿ" ಎಂದ. ಬೈಯಲೆಂದು ಬಾಯಿ ತೆರೆದವಳು, ಮೊದಲು ವ್ಯಾನು ಎತ್ತಲು ಕೈ ಹಾಕು ಎಂದೆ.

ಶನಿವಾರ ಪುರಸಭೆಯವರು ಜನರ ಮಾತು ಕೇಳಲು ಶಾಲೆಯ ಹಾಲಿನಲ್ಲಿ ಸಭೆ ಕರೆದರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಎಲ್ಲರೂ ಕೂತಿದ್ದೆವು. ದಿಬ್ಬದ ನೀರೆಲ್ಲ ಇಳಿದು ನಿಲ್ಲುವುದು ಆ ತಗ್ಗಿನಲ್ಲೇ, ಅದನ್ನು ಎತ್ತರಿಸಿದರೆ ನೀರು ನಮ್ಮ ಅಡುಗೆಮನೆ ಹುಡುಕಿಕೊಂಡು ಬರುತ್ತದೆ ಎಂದು ಎದುರುಮನೆಯ ನಿವೃತ್ತ ಮೇಷ್ಟ್ರು ಹೇಳಿದರು. ಕೊಳಚೆ ಎಲ್ಲಿಗೆ ಬಿಡುತ್ತೀರಿ, ಬಾವಿಗಳ ಗತಿಯೇನು ಎಂದು ಹಿಂದಿನಿಂದ ಯಾರೋ ಕೇಳಿದರು. ಪಕ್ಕದ ಮನೆಯ ದರ್ಜಿ ಅಕ್ಕ ಮಾತ್ರ ಸುಮ್ಮನಿದ್ದಳು. ಅವಳ ಮಗ-ಸೊಸೆ ಕೂಸು ಕಟ್ಟಿಕೊಂಡು ಬಾಡಿಗೆಯ ಒಂದೇ ಕೋಣೆಯಲ್ಲಿದ್ದಾರೆ, ಹೊಸ ಮನೆ ಬೇಡ ಅನ್ನಲು ಅವಳಿಗೆ ಬಾಯಿ ಹೇಗೆ ಬಂದೀತು? ನಾನೂ ಬೇಡ ಅನ್ನಲಿಲ್ಲ. ನೀರು ನಿಲ್ಲುವ ಜಾಗ ಬಿಟ್ಟು ದಿಬ್ಬದ ಕಡೆ ಕಟ್ಟಿ, ಮೊದಲು ರಸ್ತೆ ಅಗಲ ಮಾಡಿ, ಅಲ್ಲಿಯವರೆಗೆ ಟಿಪ್ಪರ್ ನಿಲ್ಲಿಸಿ ಎಂದೆ. ವ್ಯಾನು ಮೋರಿಯ ಅಂಚಿನಿಂದ ಜಾರಿದ್ದನ್ನೂ ಹೇಳಿದೆ.

ಸಭೆ ಮುಗಿಸಿ ಪುಟ್ಟಿಯ ಕೈ ಹಿಡಿದು ಗೇಟಿಗೆ ಬಂದಾಗ ಇಸ್ತ್ರಿ ಮುರಿಯದ ಶರ್ಟಿನ ಒಬ್ಬರು ಎದುರು ನಿಂತರು. ನಿಮ್ಮ ಕಂಪನಿಯ ಮ್ಯಾನೇಜರಂತೆ. ಪುಟ್ಟಿಯ ಕೆನ್ನೆ ತಟ್ಟಿ, ನಗುತ್ತ, ಬಹಳ ಮರ್ಯಾದೆಯಿಂದ, "ನಿಮ್ ಯಜಮಾನ್ರು ನಮ್ಮಲ್ಲೇ ಅಲ್ವಾ ಮೇಡಂ? ಒಳ್ಳೆ ಮನುಷ್ಯ. ನೀವು ದಿನಾ ಮಕ್ಕಳನ್ನ ಕರ್ಕೊಂಡು ಓಡಾಡೋರು, ಸ್ವಲ್ಪ ಹುಷಾರಾಗಿರಿ" ಎಂದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಆ ನಗುವನ್ನು ಏನು ಮಾಡಲಿ?

ಅಂದಿನಿಂದ ಹೆದರಿಕೆ ಮೈಗಂಟಿಕೊಂಡಿದೆ. ಯಾವ ಬೈಕು ಹಿಂದೆ ಬಂದರೂ ಕಣ್ಣು ಕನ್ನಡಿಗೇ ಹೋಗುತ್ತದೆ. ನಿನ್ನೆ ಒಬ್ಬ ಬಹಳ ದೂರ ಬೆನ್ನು ಬಿಡಲಿಲ್ಲ. ಬೆವರಿ ನಿಲ್ಲಿಸಿದರೆ ಹಾಲಿನವನು, ವ್ಯಾನಿನ ಹಿಂಬಾಗಿಲು ಸರಿಯಾಗಿ ಬಿದ್ದಿಲ್ಲ ಎಂದು ಹೇಳಲು ಬಂದಿದ್ದ. ಅವನು ಹೋದ ಮೇಲೆ ನಕ್ಕೆ, ಆಮೇಲೆ ಸ್ಟೀರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟೆ. ಅತ್ತೆಗೆ ನಾನೇನೂ ಹೇಳಿಲ್ಲ. ಆದರೂ ಅವರು ಹಗಲಲ್ಲೇ ಚಿಲಕ ಹಾಕತೊಡಗಿದ್ದಾರೆ. ಭಾನುವಾರದ ಸಣ್ಣ ಮಳೆಗೇ ಕೆಂಪು ನೀರು ಹಿತ್ತಲ ಮೆಟ್ಟಿಲವರೆಗೆ ಬಂದು ನಿಂತಿತ್ತು. ಅದನ್ನು ನೋಡಿ ಅವರು ಅಕ್ಕಿ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದರು.

ಇವತ್ತು ಬೆಳಿಗ್ಗೆ ದರ್ಜಿ ಅಕ್ಕ ಕರೆಯದೆಯೇ ಬಂದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಳು. "ಮನೆ ನಮಗೆ ಬೇಕು ಕಣೆ. ಆದ್ರೆ ಹೀಗಲ್ಲ" ಎಂದವಳು ಶಾಲೆ ಬರುವವರೆಗೂ ನನ್ನ ಬದಲಿಗೆ ಕನ್ನಡಿ ನೋಡುತ್ತಿದ್ದಳು. ಪುರಸಭೆಯವರು ಟಿಪ್ಪರ್‌ಗಳನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಸೋಮವಾರ ಖುದ್ದಾಗಿ ಬಂದು ತಗ್ಗು ನೋಡಿ ತೀರ್ಮಾನ ಹೇಳುತ್ತಾರಂತೆ. ಸಾಲಿನವರ ಪರವಾಗಿ ಒಬ್ಬರು ಮಾತಾಡಬೇಕು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು.

ನೀವು ಹೊಟ್ಟೆ ತುಂಬ ಊಟ ಮಾಡಿ, ನಮ್ಮ ಚಿಂತೆಯಲ್ಲಿ ಯಂತ್ರದ ಮೇಲೆ ಮೈಮರೆಯಬೇಡಿ. ಅತ್ತೆ ಆಶೀರ್ವಾದ ಕಳಿಸಿದ್ದಾರೆ. ಪುಟ್ಟಿ ಹಲ್ಲಿಲ್ಲದ ಬಾಯಿಂದ ಒಂದು ಮುತ್ತು ಕಳಿಸಿದ್ದಾಳೆ.

ನಿಮ್ಮ
ಮನೆಯವಳು

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಇಷ್ಟು ಹೊತ್ತೂ ಬರೆಯಲು ಕೈ ಬರಲಿಲ್ಲ. ಆ ಮ್ಯಾನೇಜರು ಹೋಗುವಾಗ ಇನ್ನೊಂದು ಮಾತು ಹೇಳಿದರು: "ಈ ಸೈಟಿಗೆ ನಿಮ್ ಯಜಮಾನ್ರೇ ಬರ್ತಾರೆ, ಆಗ್ಲೇ ಒಪ್ಕೊಂಡಿದಾರೆ." ಹೌದೇನ್ರೀ? ಮನೆ ಹತ್ತಿರ ಇರಬಹುದೆಂದು ಒಪ್ಪಿಕೊಂಡಿದ್ದರೆ ನಾನು ಸಿಟ್ಟಾಗುವುದಿಲ್ಲ, ಆದರೆ ಸೋಮವಾರದೊಳಗೆ ಫೋನು ಮಾಡಿ ಹೌದು ಅಥವಾ ಇಲ್ಲ ಎಂದು ಒಂದೇ ಮಾತು ಹೇಳಿ. ಅತ್ತೆ ಪಕ್ಕದಲ್ಲಿದ್ದರೂ ಪರವಾಗಿಲ್ಲ. ನೀವು ಏನೇ ಹೇಳಿದರೂ ನಾನು ಆ ತಗ್ಗಿನಲ್ಲಿ ನಿಂತು ಮಾತಾಡುವವಳೇ. ನನ್ನ ಎದುರಿಗಿರುವ ಯಂತ್ರದಲ್ಲಿ ಕೂತವರು ಯಾರು ಎಂದು ಮಾತ್ರ ಮೊದಲೇ ಗೊತ್ತಿರಬೇಕು.